ನುಣುಪಣ್ಣ ಮುಚ್ಚಿದ ಬಿರುಕು

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಬೀದಿಯವರ ಬಾಯಲ್ಲಿ ಆತ ನುಣುಪಣ್ಣ. ಗೋಡೆಗೆ ಗಾರೆ ಬಳಿಯುವುದು, ಪುಟ್ಟಿ ಮೆತ್ತುವುದು, ಬಣ್ಣ ಹೊಡೆಯುವುದು ಆತನ ಕೆಲಸ. ಆತ ಕರಣೆ ಆಡಿಸಿದ ಗೋಡೆಯ ಮೇಲೆ ಇರುವೆ ಕೂಡ ಕಾಲು ಜಾರಿ ಬೀಳಬೇಕು ಎನ್ನುತ್ತಿದ್ದರು ಜನ. ಮನೆ ಮಾರುವವರು, ಬಾಡಿಗೆಗೆ ಕೊಡುವವರು ಮೊದಲು ಹುಡುಕಿಕೊಂಡು ಬರುತ್ತಿದ್ದುದು ಆತನನ್ನೇ. ಬೆಳಿಗ್ಗೆ ಬಾಯಿ ಬಿಟ್ಟುಕೊಂಡಿದ್ದ ಗೋಡೆ ಸಂಜೆಯ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಸುಮ್ಮನಿರುತ್ತಿತ್ತು. ಬಿರುಕು ಯಾಕೆ ಬಂತು ಎಂದು ಆತ ಯಾರನ್ನೂ ಕೇಳಿದವನಲ್ಲ. ಮುಚ್ಚು ಎಂದರು, ಮುಚ್ಚಿದ.

ಬೀದಿಗೆಲ್ಲ ಆತ ಅಣ್ಣನಾದ ಮೇಲೆ ಆತನ ಹೆಂಡತಿ ಬೀದಿಗೆಲ್ಲ ಅತ್ತಿಗೆಯಾದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ ಅವಳದು. ಆ ಬಿಸಿಯಲ್ಲಿ ನಿಂತು ನಿಂತು ಅವಳ ಮುಂಗೈ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಬ್ಯಾಂಕಿನ ಸಾಲದಲ್ಲಿ ಕೊಂಡ ಮನೆ. ಒಂದರ ಹಿಂದೊಂದು ಮೂರು ಕೋಣೆ. ಮುಂದೆ ಹಾಲ್, ನಡುವೆ ಅಡುಗೆಮನೆ, ಹಿಂದೆ ಒಂದು ಮಲಗುವ ಕೋಣೆ. ಹಿಂದಿನ ಕೋಣೆ ನುಣುಪಣ್ಣನ ತಾಯಿಯದು. ಸೊಂಟ ಮುರಿದ ಮೇಲೆ ಆ ಮುದುಕಿಗೆ ಪ್ರಪಂಚವೆಂದರೆ ಆ ಮಂಚ ಮತ್ತು ಆ ಕಿಟಕಿ. ನಾಲಿಗೆಯೊಂದು ಮಾತ್ರ ಎಲ್ಲೂ ಮುರಿದಿರಲಿಲ್ಲ.

ಸಾಲ ಕೊಟ್ಟ ಬ್ಯಾಂಕಿನವರು ಮನೆಗೆ ಇನ್ಶೂರೆನ್ಸ್ ಮಾಡಿಸಲೇಬೇಕು ಎಂದಿದ್ದರು. ಅದನ್ನು ವರ್ಷ ವರ್ಷ ಕಟ್ಟುತ್ತಿದ್ದವಳು ಅತ್ತಿಗೆ.

"ಸುಡದ ಮನೆಗೆ ಯಾಕೆ ದುಡ್ಡು ಸುಡ್ತೀಯ?" ಎಂದು ಆತ ಗೊಣಗುತ್ತಿದ್ದ.

"ನೀವು ಗೋಡೆ ನೋಡ್ಕೊಳ್ಳಿ, ಕಾಗದಪತ್ರ ನಾನು ನೋಡ್ಕೋತೀನಿ," ಎನ್ನುತ್ತಿದ್ದಳು ಅವಳು.

ಗೋಡೆಯನ್ನು ಆತ ನೋಡಿಕೊಳ್ಳುತ್ತಲೇ ಇದ್ದ. ಹಿಂದಿನ ಕೋಣೆಯ ಮೂಲೆಯಲ್ಲಿ ವರ್ಷಕ್ಕೊಮ್ಮೆ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಳ್ಳುತ್ತಿತ್ತು. ಯಾವ ಮನೆಯಲ್ಲಿಲ್ಲ? ಆತ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುತ್ತಿದ್ದ. ಮಂಚದ ಮೇಲಿಂದ ತಾಯಿ, "ಸ್ವಲ್ಪ ಉಳಿಸ್ಕೊಳ್ಳೋ, ನನ್ನ ಮುಖಕ್ಕೂ ಮೆತ್ತಿಬಿಡು, ಯಾರಾದ್ರೂ ಕೊಳ್ಳೋರು ಸಿಗಬಹುದು," ಎನ್ನುತ್ತಿದ್ದಳು.

ಒಂದು ಭಾನುವಾರ ಊಟದ ಹೊತ್ತಿನಲ್ಲಿ ಹಿಂದಿನ ಓಣಿಯ ನೆಲದಡಿಯ ದೊಡ್ಡ ನೀರಿನ ಪೈಪು ಒಡೆಯಿತು. ಓಣಿ ಹಳ್ಳವಾಗಿ ಹರಿಯಿತು. ನೀರಿನ ಇಲಾಖೆಯವರು ಮಾರನೆಯ ದಿನ ಬಂದು, ಅಗೆದು, ತೇಪೆ ಹಾಕಿ, ಮಣ್ಣು ಎಳೆದು ಹೋದರು. ಓಣಿ ಒಣಗಿತು. ಒಂದು ವಾರ ಕಳೆದಿರಬಹುದು, ಮುದುಕಿ ಬೆಳಿಗ್ಗೆ ಕೂಗಿದಳು: "ಏ ಸೊಸೆ, ನನ್ನ ಮಂಚಕ್ಕೆ ಏನಾಗಿದೆ ನೋಡು, ಕಾಲ ಕಡೆಗೆ ಜಾರ್ತಾ ಇದೀನಿ."

ಮಂಚಕ್ಕೇನೂ ಆಗಿರಲಿಲ್ಲ. ಮೂಲೆಯ ನೆಲ ಕುಸಿದಿತ್ತು. ಕಿಟಕಿಯಿಂದ ನೆಲದವರೆಗೆ ಗೋಡೆ ಸೀಳಿ ಕೈ ತೂರುವಷ್ಟು ಬಾಯಿ ಬಿಟ್ಟಿತ್ತು. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಮುಚ್ಚುತ್ತಿರಲಿಲ್ಲ. ಗಂಡ ಹೆಂಡತಿ ಸೇರಿ ಮುದುಕಿಯನ್ನು ಮಂಚದ ಸಮೇತ ಮುಂದಿನ ಹಾಲ್‌ಗೆ ಸಾಗಿಸಿದರು.

ನುಣುಪಣ್ಣನ ಜೊತೆ ಕೆಲಸ ಮಾಡುತ್ತಿದ್ದ ಮೇಸ್ತ್ರಿಯೊಬ್ಬ ಬಂದು ಹೊರಗಿನಿಂದ ಗುಂಡಿ ತೋಡಿ ನೋಡಿದ. ಕೈ ಕೊಡವಿಕೊಂಡು ಎದ್ದು ಹೇಳಿದ: "ಅಣ್ಣಾ, ಇದು ನಿನ್ನ ಪುಟ್ಟಿಗೆ ಬಗ್ಗೋ ರೋಗ ಅಲ್ಲ. ಪಾಯದ ಕೆಳಗೆ ಮಣ್ಣೇ ಇಲ್ಲ, ನೀರು ತಿಂದ್ಹಾಕಿದೆ. ತಳದಿಂದ ಕಾಂಕ್ರೀಟ್ ತುಂಬಿ ಎತ್ತಬೇಕು." ಅದಕ್ಕೆ ಆತ ಹೇಳಿದ ಖರ್ಚು ಕೇಳಿ ಅತ್ತಿಗೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಕುಳಿತವಳಿಗೆ ಇನ್ಶೂರೆನ್ಸ್ ನೆನಪಾಯಿತು.

ಏಜೆಂಟನಿಗೆ ಫೋನ್ ಮಾಡಿದಳು. ಮೂವರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಪೈಪ್ ಒಡೆದು ಇದ್ದಕ್ಕಿದ್ದ ಹಾಗೆ ಆಗಿದ್ರೆ ಸಿಗುತ್ತೆ ಅಮ್ಮಾ," ಎಂದ ಏಜೆಂಟ. "ನಿಧಾನಕ್ಕೆ, ವರ್ಷಗಟ್ಟಲೆ ತಾನಾಗೇ ಕುಸಿದಿದ್ರೆ ನಯಾಪೈಸೆ ಸಿಗಲ್ಲ. ಸರ್ವೇಯರ್ ಬಂದು ನೋಡಿ ಬರೀತಾರೆ. ಹಾಂ, ಇನ್ನೊಂದು. ಮನೇನ ಚೆನ್ನಾಗಿ ಮೇಂಟೇನ್ ಮಾಡಿರ್ಬೇಕು. ಇಲ್ಲಾಂದ್ರೆ ಕಂಪನಿಯವರು ಕೈ ಎತ್ತಿಬಿಡ್ತಾರೆ."

ಅತ್ತಿಗೆಯ ಕಿವಿಗೆ ಬಿದ್ದದ್ದು ಮೊದಲ ಮಾತು. ನುಣುಪಣ್ಣನ ಕಿವಿಗೆ ಬಿದ್ದದ್ದು ಕೊನೆಯ ಮಾತು.

ಸರ್ವೇಯರ್ ಬರುವ ದಿನ ಅವಳಿಗೆ ಪೂರ್ತಿ ರಜೆ ಸಿಗಲಿಲ್ಲ. ನಸುಕಿಗೇ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ತಿರುಗಿ ಹೇಳಿದಳು: "ಮಧ್ಯಾಹ್ನಕ್ಕೆ ಬಂದ್ಬಿಡ್ತೀನಿ. ನೀವು ಅತ್ತೆ ಹತ್ರ ಕೂತಿರಿ. ಹಿಂದೆ ಏನೂ ಮುಟ್ಬೇಡಿ."

"ನಾನೇನು ಮುಟ್ಲಿ, ಹೋಗು."

ಆತ ಸುಳ್ಳು ಹೇಳಿರಲಿಲ್ಲ. ಆಗ ಆತನ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ಅವಳು ಹೋದ ಮೇಲೆ ಪೊರಕೆ ಹಿಡಿದು ಹಿಂದಿನ ಕೋಣೆಗೆ ಹೋದ. ಬಿದ್ದ ಗಾರೆಯ ಚೂರುಗಳನ್ನು ಗುಡಿಸಿದ. ಗುಡಿಸಿ ನಿಂತು ಗೋಡೆ ನೋಡಿದ. ಗೋಡೆಯ ಕೆಲಸದವನ ಮನೆಯ ಗೋಡೆಯೇ ಹೀಗಿದ್ದರೆ ಇವರೇನು ಮೇಂಟೇನ್ ಮಾಡಿದರು ಅನ್ನುವುದಿಲ್ಲವೇ ಬಂದವರು?

ಮಧ್ಯಾಹ್ನ ಬಸ್ಸಿಳಿದು ಓಡೋಡಿ ಬಂದ ಅತ್ತಿಗೆಗೆ ಗೇಟಿನಲ್ಲೇ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಚಪ್ಪಲಿ ಬಿಡದೆ ಹಿಂದಿನ ಕೋಣೆಗೆ ನುಗ್ಗಿದಳು. ಬಿರುಕಿಲ್ಲ. ಇಟ್ಟಿಗೆ ಚೂರು ತುರುಕಿ, ಬೇಗ ಗಟ್ಟಿಯಾಗುವ ಸಿಮೆಂಟು ಮೆತ್ತಿ, ಮೇಲೆ ಪುಟ್ಟಿ, ಅದರ ಮೇಲೆ ಬಣ್ಣ. ಕುಸಿದ ನೆಲಕ್ಕೂ ಸಿಮೆಂಟು ಹಾಕಿ ಮಟ್ಟ ಮಾಡಿದ್ದ. ಹೊರಗೂ ಗೋಡೆಗೆ ಹಾಗೇ ಮೆತ್ತಿ, ಮೇಸ್ತ್ರಿ ತೋಡಿದ್ದ ಗುಂಡಿ ಮುಚ್ಚಿದ್ದ. ಅಂಚು ಕೆತ್ತಿಸಿಕೊಂಡ ಬಾಗಿಲು ಸದ್ದಿಲ್ಲದೆ ಮುಚ್ಚಿ ತೆರೆಯುತ್ತಿತ್ತು. ಆತ ತನ್ನ ಜೀವಮಾನದಲ್ಲೇ ಅಷ್ಟು ಚೊಕ್ಕವಾದ ಕೆಲಸ ಮಾಡಿರಲಿಲ್ಲವೇನೋ.

"ಏನ್ ಮಾಡಿದ್ರಿ ಇದು?"

"ಮೇಂಟೇನ್," ಎಂದ ನುಣುಪಣ್ಣ, ಕೈ ಒರೆಸಿಕೊಳ್ಳುತ್ತ. "ಅವನೇ ಹೇಳಿದ್ನಲ್ಲ."

ಹಾಲ್‌ನಿಂದ ಮುದುಕಿ ಕೂಗಿದಳು: "ನಾನು ಬೇಡ ಅಂದೆ ಕಣಮ್ಮ. ಇವನು ಚಿಕ್ಕವನಿದ್ದಾಗ ಗಾಯ ತೋರಿಸು ಅಂದ್ರೆ ಕೈ ಹಿಂದೆ ಕಟ್ಟಿಕೊಳ್ಳೋನು."

ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಸರ್ವೇಯರ್ ಗೇಟು ತಟ್ಟಿದ. ಮೈ ತುಂಬ ಬೆವತಿದ್ದ, ಮಾತಿನಲ್ಲಿ ಒರಟುತನವಿಲ್ಲದ ಮನುಷ್ಯ. ನೀರು ಕೊಟ್ಟರು, ಕುಡಿದ. ಹಿಂದಿನ ಕೋಣೆಯಲ್ಲಿ ಒಂದು ಸುತ್ತು ಹಾಕಿ, "ಎಲ್ಲಿದೆ ಅಮ್ಮಾ ಬಿರುಕು?" ಎಂದ.

ಅವಳು ಗೋಡೆಗೆ ಕೈ ತೋರಿಸಿದಳು. ಆತ ಬೆರಳಿಂದ ಮುಟ್ಟಿದ. ಬೆರಳಿಗೆ ಬಣ್ಣ ಹತ್ತಿತು.

"ಇಲ್ಲೇ ಇತ್ತು ಸರ್, ದೇವರಾಣೆಗೂ. ಇವತ್ತು ಬೆಳಿಗ್ಗೆ ಇವರು..."

"ಫೋಟೋ ಏನಾದ್ರೂ ಇದ್ಯಾ?"

ಅವಳು ಫೋನ್ ತೆರೆದಳು. ಮಂಚ ಸಾಗಿಸುವ ಮೊದಲು ತೆಗೆದ ಒಂದೇ ಒಂದು ಫೋಟೋ. ಅದರಲ್ಲಿ ಮುದುಕಿ ದಿಂಬಿಗೆ ಒರಗಿ ಕಣ್ಣು ಕಿರಿದು ಮಾಡಿ ಕುಳಿತಿದ್ದಳು.

"ಇದ್ರಲ್ಲಿ ಅಜ್ಜಿ ಕಾಣ್ತಾರೆ. ಬಿರುಕು ಕಾಣ್ತಿಲ್ಲ ಅಮ್ಮಾ," ಎಂದ ಆತ ಮೆತ್ತಗೆ. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ಮೂಲೆಯಲ್ಲಿ ಕೆರೆದ. ಹಸಿ ಪುಟ್ಟಿ ಉದುರಿತು. ಪಕ್ಕದಲ್ಲಿ ಇನ್ನೂ ಕೆರೆದ. ಅದರ ಕೆಳಗೆ ಹಳದಿ ಬಣ್ಣ, ಅದಕ್ಕೊಂದು ಪುಟ್ಟಿಯ ಗೆರೆ. ಅದರ ಕೆಳಗೆ ತಿಳಿ ಹಸಿರು, ಅದಕ್ಕೊಂದು ಗೆರೆ. ಅದರ ಕೆಳಗೆ ಬಿಳಿ, ಮತ್ತೊಂದು ಗೆರೆ.

"ಯಜಮಾನ್ರೇ, ಇಲ್ಲಿ ಮೊದಲೂ ಮುಚ್ಚಿದ್ರಾ?"

ನುಣುಪಣ್ಣನ ಮುಖ ಅರಳಿತು. ಕೊನೆಗೂ ಯಾರೋ ಆತನ ಕೆಲಸದ ಬಗ್ಗೆ ಕೇಳಿದ್ದರು. "ಪ್ರತಿ ವರ್ಷ ಸರ್! ಒಂದು ವರ್ಷನೂ ತಪ್ಪಿಸಿಲ್ಲ."

ಅತ್ತಿಗೆ ಕಣ್ಣು ಮುಚ್ಚಿಕೊಂಡಳು.

"ಆದ್ರೆ ಪೈಪ್ ಒಡೆದಿದ್ದು ಹೋದ ತಿಂಗಳು ಸರ್! ಇಡೀ ಓಣಿ ನೋಡಿದೆ!"

"ಪೈಪ್ ಒಡೆದಿದ್ದು ನಾನು ಒಪ್ತೀನಿ ಅಮ್ಮಾ. ಅದರಿಂದ ಆಗಿದ್ದು ಎಷ್ಟು, ಮೊದಲೇ ಇದ್ದದ್ದು ಎಷ್ಟು? ಎರಡನ್ನೂ ಸೇರಿಸಿ ಇವರು ಮುಚ್ಚಿಬಿಟ್ಟಿದ್ದಾರೆ. ನಾನು ನೋಡಿದ್ದನ್ನ ಬರೀಬೇಕು. ನಾನು ನೋಡಿದ್ದು ಹಳೇ ಬಿರುಕು, ಹೊಸ ಬಣ್ಣ."

ನುಣುಪಣ್ಣನಿಗೆ ಆಗ ಅರ್ಥವಾಯಿತು. ಕರಣೆ ತೆಗೆದುಕೊಂಡು ಗೋಡೆಯ ಮೇಲೆ ಬಿದ್ದ. "ಬಿಚ್ಚಿ ತೋರಿಸ್ತೀನಿ ಸರ್, ಈಗಲೇ ಬಿಚ್ತೀನಿ, ನಿಂತ್ಕೊಳ್ಳಿ..." ಸಿಮೆಂಟು ಗಟ್ಟಿಯಾಗಿತ್ತು. ಒಡೆದಷ್ಟೂ ಇಟ್ಟಿಗೆಯ ಅಂಚೂ ಸೇರಿ ಒಡೆಯಿತು. ಸರ್ವೇಯರ್ ಆತನ ಭುಜ ಹಿಡಿದು ನಿಲ್ಲಿಸಿದ. "ಬೇಡ ಯಜಮಾನ್ರೇ. ನನ್ನ ಕಣ್ಣೆದುರೇ ನೀವು ಒಡೆದಿದ್ದನ್ನ ನಾನು ಏನಂತ ಬರೀಲಿ?"

ಕೆಲವು ದಿನಗಳ ಮೇಲೆ ಏಜೆಂಟನ ಫೋನ್ ಬಂತು. ನಿಧಾನವಾಗಿ ಆದ ಕುಸಿತ, ಕ್ಲೇಮ್ ಸಿಗುವುದಿಲ್ಲ. ಬೇಕಾದರೆ ಮೇಲಿನವರಿಗೆ ಬರೆಯಿರಿ ಎಂದ. ಬರೆದರು. ಮೇಲಿನವರೂ ಅದನ್ನೇ ಹೇಳಿದರು. ಸಾಲ ತೀರುವವರೆಗೆ ಇನ್ಶೂರೆನ್ಸ್ ಕಟ್ಟುವುದನ್ನು ಮಾತ್ರ ನಿಲ್ಲಿಸುವಂತಿರಲಿಲ್ಲ.

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ನುಣುಪಣ್ಣನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಒಂದು ದಿನ ಬಟ್ಟೆ ಮಡಚುತ್ತ ಅವಳೇ ಹೇಳಿದಳು: "ಮಾರಿಬಿಡೋಣ. ಊರಿಗೆಲ್ಲ ಮಾಡ್ತೀರಲ್ಲ, ನಮಗೂ ಮಾಡಿ. ಬಂದೋರು ನೋಡ್ಲಿ, ಕೊಳ್ಳಲಿ. ಬಾಡಿಗೆ ಮನೆ ಸಾಕು ನಮಗೆ."

ಆತ ತಲೆಯಾಡಿಸಿದ. ಮತ್ತೆ ಗೋಡೆ ಮುಚ್ಚಿದ. ಈ ಸಲ ಮುಚ್ಚುವಾಗ ಎಂದಿನಂತೆ ಹಾಡು ಗುನುಗಲಿಲ್ಲ.

ಮನೆ ನೋಡಲು ಮೊದಲು ಬಂದವರು ಒಬ್ಬ ಗಂಡ ಹೆಂಡತಿ. ಹೆಂಡತಿ ಸ್ಕೂಲ್ ಟೀಚರು, ಬಾಯಿ ತುಂಬ ನಗು. ಮನೆ ಹಿಡಿಸಿತು. ಹಾಲ್‌ನಲ್ಲಿ ಮಲಗಿದ್ದ ಮುದುಕಿಯನ್ನು ಮಾತಾಡಿಸಿದಳು, ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿದಳು, ಹಿಂದಿನ ಕೋಣೆಗೆ ಹೋಗಿ ಆ ಗೋಡೆಯ ಪಕ್ಕ ಎರಡೂ ಕೈ ಚಾಚಿ ಅಳತೆ ನೋಡಿದಳು.

"ರೀ, ಮಾವನ ಮಂಚ ಇಲ್ಲಿಗೆ ಸರಿಯಾಗುತ್ತೆ. ಕಿಟಕಿ ಪಕ್ಕ. ಅವರಿಗೂ ಹೊತ್ತು ಹೋಗುತ್ತೆ."

"ಅಲ್ಲಿ ಬೇಡಮ್ಮಾ," ಎಂದ ನುಣುಪಣ್ಣ.

ಅಡುಗೆಮನೆಯಲ್ಲಿ ಅತ್ತಿಗೆ ಚಹಾ ಸೋಸುತ್ತಿದ್ದಳು. ಅವಳ ಕೈ ನಿಂತಿತು.

"ಯಾಕಣ್ಣಾ, ಗಾಳಿ ಬರುತ್ತಾ?"

ಆತ ಗೋಡೆಯ ಮೇಲೆ ಅಂಗೈ ಇಟ್ಟ. ಆಮೇಲೆ, "ಆ ಮೂಲೆ ಕೆಳಗೆ ಮಣ್ಣಿಲ್ಲ," ಎಂದ.

ಅವರು ಚಹಾ ಕುಡಿದು, ಯೋಚನೆ ಮಾಡಿ ಹೇಳುತ್ತೇವೆ ಎಂದು ಹೋದರು. ಗೇಟಿನ ಸದ್ದು ಅಡಗಿದ ಮೇಲೆ ಅತ್ತಿಗೆ ಲೋಟಗಳನ್ನು ಎತ್ತಿಕೊಂಡಳು.

"ದುಡ್ಡು ಕೊಡೋನ ಮುಂದೆ ಮುಚ್ಚಿದ್ರಿ, ಕೊಳ್ಳೋರ ಮುಂದೆ ಬಿಚ್ಚಿದ್ರಿ."

"ಮಂಚ ಹಾಕ್ತೀನಿ ಅಂದ್ಲು," ಎಂದ ಆತ. ಅವಳು ಲೋಟ ತೊಳೆಯಲು ಹೋದಳು.

ಮಾತು ಬೀದಿಯಲ್ಲಿ ಹಬ್ಬಿತು. ಮನೆ ನೋಡಲು ಮತ್ತೆ ಯಾರೂ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮನೆ ಮಾರುವವರು ನುಣುಪಣ್ಣನನ್ನು ಕರೆಯುವುದು ಬಿಟ್ಟರು. ಕೊಳ್ಳುವವರು ಎದುರಾದರೆ ಇವನೇ ಹೇಳಿಬಿಟ್ಟಾನು ಎಂಬ ಅಂಜಿಕೆ ಅವರಿಗೆ. ಆತ ಈಗ ಬೇರೆಯವರ ಕೈಕೆಳಗೆ ಕಾಂಪೌಂಡ್ ಗೋಡೆಗಳಿಗೆ ಬಣ್ಣ ಹೊಡೆಯುತ್ತಾನೆ. ಅಲ್ಲಿ ನುಣುಪು ಯಾರಿಗೂ ಬೇಕಿಲ್ಲ.

ಚಳಿ ಬರುವ ಹೊತ್ತಿಗೆ ಮುಚ್ಚಿದ ಬಿರುಕು ತಾನೇ ಬಿಚ್ಚಿಕೊಂಡಿತು, ಮೊದಲಿಗಿಂತ ಅಗಲವಾಗಿ. ಆತ ಕೆಲಸ ಮುಗಿಸಿ ಬಂದಾಗಲೆಲ್ಲ ಮುದುಕಿ ಹಾಲ್‌ನ ಮಂಚದಿಂದ ಕೇಳುತ್ತಾಳೆ: "ನನ್ನ ಕೋಣೆ ಆಯ್ತೇನೋ?"

"ಆಗ್ತಾ ಇದೆ ಅಮ್ಮಾ."

"ನಾನು ಹೋಗೋದ್ರೊಳಗೆ ಆಗುತ್ತಾ?"

ಅದಕ್ಕೆ ಆತ ಕೈಕಾಲು ತೊಳೆಯಲು ಹೋಗುತ್ತಾನೆ.

ಲಾಂಡ್ರಿಯಲ್ಲಿ ಹರಿದು ಬಿಸಾಡಿದ ಒಂದು ಹಾಸಿಗೆ ಬಟ್ಟೆಯನ್ನು ಅತ್ತಿಗೆ ಕೇಳಿ ತಂದು ಆ ಬಿರುಕಿಗೆ ತುರುಕಿದಳು, ಗಾಳಿ ಮುದುಕಿಯವರೆಗೆ ಬಾರದಿರಲಿ ಎಂದು. ನುಣುಪಣ್ಣ ಬಾಗಿಲಲ್ಲಿ ನಿಂತು ನೋಡಿದ. ಅವಳು ಹೋದ ಮೇಲೆ ಹತ್ತಿರ ಹೋದ. ಬಟ್ಟೆಯ ಒಂದು ಮೂಲೆ ಹೊರಗೆ ಉಬ್ಬಿಕೊಂಡಿತ್ತು. ಅದನ್ನು ಹೆಬ್ಬೆರಳಿಂದ ಒಳಗೊತ್ತಿ, ಗೋಡೆಗೆ ಸಮವಾಗುವವರೆಗೂ ಸವರುತ್ತ ನಿಂತ.