ಟವಲಿನೊಳಗಿನ ಬೆಲೆ

ಕಾರಿನ ವಿಷಯದಲ್ಲಿ ನನ್ನನ್ನು ಯಾರಾದರೂ ಸಲಹೆ ಕೇಳುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹುಣಸೂರಿನಲ್ಲಿ ಜೀವವಿಮೆ ಮಾಡಿಸುವ ಏಜೆಂಟ್ ನಾನು. ನನ್ನ ಹತ್ತಿರ ಇರುವುದೊಂದು ಸ್ಕೂಟರು, ಅದೂ ಒದ್ದರೆ ಮಾತ್ರ ಸ್ಟಾರ್ಟ್ ಆಗುವಂಥದ್ದು. ಹಾಗಿದ್ದೂ ಬೆಟ್ಟದಪುರದ ಪಕ್ಕದ ಹಳ್ಳಿಯಿಂದ ಅಕ್ಕನ ಗಂಡ ಫೋನ್ ಮಾಡಿ, "ಮಗಳ ಕಾರಿಗೊಂದು ಬೆಲೆ ಕಟ್ಟುಸ್ಕೊಡಯ್ಯ" ಎಂದರು. ನಾನು ಮಾಡಿಸುವುದು ಮನುಷ್ಯರ ವಿಮೆ, ಗಾಡಿಗಳದ್ದಲ್ಲ ಎಂದೆ.

"ಮನುಷ್ಯರ ಜೀವಕ್ಕೇ ಬೆಲೆ ಕಟ್ಟೋನಿಗೆ ಕಾರಿಗೆ ಕಟ್ಟಕಾಗಲ್ವ?" ಎಂದರು ಭಾವ.

ಅದು ಜರ್ಮನಿಯ ಕಾರು, ಬಿಳಿಯದು. ರಸ್ತೆ ಅಗಲ ಮಾಡುವಾಗ ಹೋದ ಜಮೀನಿಗೆ ಬಂದ ಪರಿಹಾರದಲ್ಲಿ, ಮಗಳ ಮದುವೆಗೆಂದು ಭಾವ ಕೊಂಡದ್ದು. ಅದನ್ನು ವರದಕ್ಷಿಣೆ ಎಂದು ಯಾರೂ ಕರೆಯಲಿಲ್ಲ. ಮಗಳಿಗೆ ಪ್ರೀತಿಯಿಂದ ಕೊಟ್ಟದ್ದು ಎಂದು ಎರಡೂ ಕಡೆಯವರು ಹೇಳಿಕೊಂಡರು. ಕಾಗದಪತ್ರವನ್ನೆಲ್ಲ ಮಗಳ ಹೆಸರಿನಲ್ಲೇ ಮಾಡಿಸಿದ್ದು ತಮ್ಮ ಬುದ್ಧಿವಂತಿಕೆ ಎಂದು ಭಾವ ಬೀಗುತ್ತಿದ್ದರು. ಕೆ.ಆರ್. ನಗರದ ಗಂಡನ ಮನೆಗೆ ಹೋದ ಹುಡುಗಿ ಕೆಲವೇ ತಿಂಗಳಲ್ಲಿ ಅದೇ ಕಾರನ್ನು ತಾನೇ ಓಡಿಸಿಕೊಂಡು ವಾಪಸ್ ಬಂದಳು. ಹೊಂದಿಕೊಂಡು ಹೋಗಲಾಗಲಿಲ್ಲ ಎಂದಷ್ಟೇ ಹೇಳಿದಳು. ಆಮೇಲೆ ಕೋರ್ಟಿನಲ್ಲೂ ಮುಗಿಯಿತು. ಕಾರು ಹೊಗೆಸೊಪ್ಪಿನ ಶೆಡ್ಡಿನಲ್ಲಿ, ಸೊಪ್ಪಿನ ಮೂಟೆಗಳ ಪಕ್ಕ ನಿಂತಿತು.

ಈಗ ಸರಗೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗಿಯ ಹೆಸರಿನಲ್ಲಿ ದೊಡ್ಡ ಕಾರಿದೆಯಂತೆ, ಎಷ್ಟು ಬಾಳುತ್ತದೆ ಎಂದು ಅವರು ಕೇಳಿದ್ದರು. ಭಾವನಿಗೆ ಬೆಲೆ ಬೇಕಾಗಿದ್ದದ್ದು ಅವರಿಗೆ ಹೇಳುವುದಕ್ಕೆ. ಅದೇ ಸಂಜೆ ಸೊಸೆಯೂ, ಅಂದರೆ ಅಕ್ಕನ ಆ ಮಗಳೂ, ಫೋನ್ ಮಾಡಿದಳು.

"ಮಾವ, ಅದನ್ನ ಮಾರ್ಸ್ಕೊಟ್ಬುಡಿ. ಅದು ಮನೇಲಿರೋಗಂಟ ನನ್ ಜೊತೆ ಅದ್ನೂ ಸೇರ್ಸೇ ಕೇಳ್ತಾರೆ. ದುಡ್ಡು ಬಂದ್ರೆ ಮೈಸೂರಲ್ಲಿ ರೂಮ್ ಮಾಡ್ಕಂಡು ಬಿ.ಎಡ್ ಓದ್ತೀನಿ."

ಕಾರು ಉಳಿದರೆ ಅವಳು ಸರಗೂರಿಗೆ, ಹೋದರೆ ಮೈಸೂರಿಗೆ. ಅಪ್ಪನಿಗೆ ಮದುವೆಯಲ್ಲಿ ಕೊಡುವುದಕ್ಕೆ ಬೆಲೆ ಬೇಕು, ಮಗಳಿಗೆ ಮಾರುವುದಕ್ಕೆ. ನಾನು ಇಬ್ಬರಿಗೂ ಹೂಂ ಎಂದೆ. ಯಾರ ಕೆಲಸ ಮಾಡುತ್ತಿದ್ದೇನೆ ಎಂಬುದು ನನಗೇ ಗೊತ್ತಿರಲಿಲ್ಲ.

ಮೊದಲು ಮೊಬೈಲಿನಲ್ಲಿ ಹುಡುಕಿದೆ. ಬಣ್ಣ ಕೇಳಿತು, ಎಷ್ಟು ಓಡಿದೆ ಎಂದು ಕೇಳಿತು, ಕೊನೆಗೆ ಮೂವತ್ತೆಂಟು ಲಕ್ಷ ಎಂದಿತು. ಊಟ ಮಾಡಿ ಬಂದು ಅದೇ ವಿವರ ತುಂಬಿದರೆ ಮೂವತ್ತೆರಡು. ನಾನು ತಿಂದ ಅನ್ನಕ್ಕೆ ಆರು ಲಕ್ಷವಾಯಿತೇ ಎಂದು ತಲೆ ಕೆಟ್ಟಿತು. ಹಳೇ ಕಾರು ಮಾರುವ ಮೈಸೂರಿನ ಒಬ್ಬರನ್ನು ಕೇಳಿದೆ. ಅವರು ಮೂವತ್ತರೊಳಗೆ ಎಂದರು.

"ಹೆಚ್ಚು ಓಡೇ ಇಲ್ಲವಲ್ಲ ಸ್ವಾಮಿ, ಬೆಲೆ ಜಾಸ್ತಿ ಆಗಬೇಕಲ್ಲವೇ?"

"ಇಷ್ಟು ಕಮ್ಮಿ ಓಡಿದ್ರೇ ಸಾರ್ ಜನಕ್ಕೆ ಅನುಮಾನ ಬರೋದು. ಏನೋ ಇರಬೇಕು ಅಂತಾರೆ."

ಓಡಿದರೆ ಹಳತು, ಓಡದಿದ್ದರೆ ಅನುಮಾನ. ಹಾಗಾದರೆ ಎಷ್ಟು ಓಡಬೇಕಿತ್ತು ಎಂದು ಕೇಳುವಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು.

ಕೊನೆಗೆ ಹ್ಯಾಂಡ್‌ಪೋಸ್ಟ್ ಊರಿನ ಒಬ್ಬ ದಲ್ಲಾಳಿ ಸಿಕ್ಕಿದ. ವಯಸ್ಸಾದವನು. ಮೊದಲು ಜಾತ್ರೆಗಳಲ್ಲಿ ದನದ ವ್ಯಾಪಾರ ಮಾಡಿಸುತ್ತಿದ್ದವನು, ಈಗ ಕಾರು ಹಿಡಿದಿದ್ದ. ಕಬಿನಿ ಹಿನ್ನೀರಿನ ಯಾವುದೋ ರೆಸಾರ್ಟಿನವರು ಅತಿಥಿಗಳನ್ನು ಕರೆತರಲು ದೊಡ್ಡ ಕಾರು ಹುಡುಕುತ್ತಿದ್ದರಂತೆ. ಬೆಲೆ ಹೇಳುವುದಕ್ಕೆ ಬರುತ್ತಾನೆ ಎಂದು ಭಾವನಿಗೆ ಹೇಳಿದೆ, ಕೊಳ್ಳುವುದಕ್ಕೆ ಬರುತ್ತಾನೆ ಎಂದು ಸೊಸೆಗೆ. ಅವನಿಗೆ ಎರಡನ್ನೂ ಹೇಳಿದೆ. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಹೆಗಲ ಮೇಲೊಂದು ಟವಲು ಹಾಕಿಕೊಂಡು ಬಂದ. ಸೀಟಿಗೆ ಹಾಕಿದ್ದ ಪ್ಲಾಸ್ಟಿಕ್ ಕವರನ್ನು ಭಾವ ಇನ್ನೂ ತೆಗೆಯಲು ಬಿಟ್ಟಿರಲಿಲ್ಲ. ಅದರ ಮೇಲೆ ಪರಪರ ಸದ್ದು ಮಾಡಿಕೊಂಡು ಕೂತು ಮೂಗು ಅರಳಿಸಿದ.

"ಒಗೆಸೊಪ್ಪಿನ್ ವಾಸ್ನೆ ಒಡೀತದಲ್ಲ ಯಜಮಾನ್ರೇ. ಇದ್ಕೊಂದೀಟು ಕಳೀಬೇಕಾಯ್ತದೆ."

"ಸೊಪ್ಪಿನ್ ವಾಸ್ನೆ ಲಕ್ಷ್ಮಿ ಕಣಯ್ಯ," ಎಂದರು ಭಾವ.

ಅವನು ಕೆಳಗಿಳಿದು ಬಾಗಿಲ ಸಂದುಗಳನ್ನೆಲ್ಲ ಸವರಿ ನೋಡಿ ಕೇಳಿದ: "ಇಷ್ಟು ಕಮ್ಮಿ ಓಡೈತೆ. ಏನಾರ ಏಟು ಬಿದ್ದೈತಾ?"

ಕಾರಿನವರ ಮಾತಿನಲ್ಲಿ ಏಟು ಎಂದರೆ ಎಲ್ಲಾದರೂ ಗುದ್ದಿಸಿ ರಿಪೇರಿ ಮಾಡಿಸಿದ್ದು. ಒಂದು ಗೀರೂ ಇಲ್ಲ ಎಂದು ಭಾವ ಬಾಯಿ ತೆರೆಯುವ ಮೊದಲೇ, ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಸೊಸೆ ಹೇಳಿದಳು: "ಗಾಡಿಗೆ ಬಿದ್ದಿಲ್ಲ ಕಣಣ್ಣ."

ನಾನು ಪೆದ್ದನಂತೆ ತಲೆಯಾಡಿಸಿದೆ, ಹೌದು, ಗಾಡಿಗೆ ಬಿದ್ದಿಲ್ಲ ಎಂದು. ಕಾಫಿ ತಂದಿದ್ದ ಅಕ್ಕ ತಟ್ಟೆಯನ್ನು ಬಾನೆಟ್ಟಿನ ಮೇಲೇ ಇಟ್ಟಳು. ಬೇರೆ ದಿನವಾಗಿದ್ದರೆ ಗೀರು ಬೀಳುತ್ತದೆ ಎಂದು ಭಾವ ಗದರುತ್ತಿದ್ದರು. ಅಂದು ಅವರ ಕಣ್ಣು ಮಗಳ ಮೇಲಿತ್ತು. ಆಗ ನನಗೂ ಅರ್ಥವಾಯಿತು. ಕೆ.ಆರ್. ನಗರದವರ ಮೇಲೆ ಬಂದ ಸಿಟ್ಟಿಗೆ ಮೈಯೆಲ್ಲ ಉರಿಯಿತು.

"ಯೋಳ್ಬಾರ್ದಾಗಿತ್ತಾ ಮಗ?" ಎಂದರು ಭಾವ.

"ಬಂದ್ ದಿನ ಕಾರಿನ್ ಸುತ್ತ ನೋಡ್ಕಂಡ್ ಬಂದ್ರಿ ಅಪ್ಪ. ನನ್ನ ಏನೂ ಕೇಳ್ಲಿಲ್ಲ." ಅವಳ ದನಿಯಲ್ಲಿ ಕೋಪವೇನೂ ಇರಲಿಲ್ಲ.

ಇಂಥ ಮಾತಿನ ಮಧ್ಯೆ ಸಿಕ್ಕಿಕೊಂಡ ಮುದುಕನಿಗೆ ಏನು ಮಾಡಲೂ ತೋಚಲಿಲ್ಲ. ಅಭ್ಯಾಸಬಲದಿಂದ ಹೆಗಲ ಟವಲು ತೆಗೆದು ತನ್ನ ಬಲಗೈ ಮೇಲೆ ಹಾಕಿಕೊಂಡು ಭಾವನ ಕಡೆ ಚಾಚಿದ. ದನದ ವ್ಯಾಪಾರದ ಪದ್ಧತಿ ಅದು. ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವಲಿನ ಅಡಿಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು, ಒತ್ತಿ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಒಳಗೆ ಒಪ್ಪಿದ ಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ.

ಭಾವನ ಕೈ ಮೇಲೇಳಲಿಲ್ಲ. "ಗಾಡಿ ಅವಳ್ದು. ಅವಳ್ನೇ ಕೇಳು," ಎಂದರು.

"ಎಣ್ಮಕ್ಕಳು ಇದ್ರೊಳಿಕೆ ಕೈ ಇಕ್ಕಲ್ಲ ಯಜಮಾನ್ರೇ. ಬಾಯಲ್ಲೇ ಯೋಳ್ಬುಡ್ಲಿ."

ಅಷ್ಟರಲ್ಲಿ ಸೊಸೆ ಕೈಯಿಟ್ಟಾಗಿತ್ತು. ಎತ್ತಿನ ಹುಚ್ಚಿದ್ದ ಅವಳ ತಾತ, ಭಾವನ ಅಪ್ಪ, ಚಿಕ್ಕಂದಿನಲ್ಲಿ ಅವಳ ಜೊತೆ ಆಟಕ್ಕೆಂದು ಟವಲಿನೊಳಗೆ ವ್ಯಾಪಾರ ಮಾಡುತ್ತಿದ್ದನಂತೆ. ಇದನ್ನು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಮುದುಕ ಬೆರಳು ಹಿಡಿದ. ಸೊಸೆ ತಲೆ ಅಲ್ಲಾಡಿಸಿದಳು. ಟವಲು ಕದಲಿತು. "ಆಗಕಿಲ್ಲ ಕಣವ್ವ," ಎಂದ ಅವನು. ಅವಳು ಕೈ ಬಿಡಲಿಲ್ಲ. ಮತ್ತೆ ಕದಲಿತು. ಮೂವತ್ತೋ, ಮೂವತ್ತೆರಡೋ, ಅದಕ್ಕೂ ಮೇಲೋ? ನಾನು ಕಣ್ಣು ಕೀಲಿಸಿ ನೋಡಿದ್ದೇ ಬಂತು. ಕಡೆಗೆ ಅವನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಆಯ್ತು ಬುಡವ್ವ. ನಾಳೆ ರೆಸಾರ್ಟಿನೋರ ಕೈಲಿ ನಿನ್ ಖಾತೆಗೇ ಆಕುಸ್ತೀನಿ," ಎಂದು ಹೇಳಿ, ಬಾನೆಟ್ಟಿನ ಮೇಲಿದ್ದ ಕಾಫಿ ಕುಡಿದು ಹೋದ.

ಎಷ್ಟಕ್ಕಾಯಿತು ಎಂದು ನಾನು ಕೇಳಬಹುದಿತ್ತು. ಕೇಳಲು ಮುಖವಿರಲಿಲ್ಲ. ಅಕ್ಕನೂ ಕೇಳಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಸರಗೂರಿನವರ ಫೋನ್ ಬಂತು. ಕೈ ಎಂಜಲಾಗಿದ್ದರಿಂದ ಭಾವ ಸ್ಪೀಕರ್ ಹಾಕಿದರು.

"ಆ ವಿಷ್ಯ ಏನಾಯ್ತು ಯಜಮಾನ್ರೇ? ಎಷ್ಟು ಬಾಳ್ತದೆ ಅಂತ ಗೊತ್ತಾಯ್ತಾ?"

ಭಾವ ಮಗಳನ್ನು ನೋಡಿದರು. ಅವಳು ತಲೆ ಎತ್ತದೆ ಅನ್ನ ಕಲಸುತ್ತಿದ್ದಳು.

"ಇಲ್ಲ ಕಣ್ರೀ," ಎಂದರು ಭಾವ. "ಇಷ್ಟ್ ದಿನ ಮನೇಲೇ ಇದ್ರೂ ನಂಗೆ ಗೊತ್ತಾಗ್ಲಿಲ್ಲ. ನಿಮ್ಗೂ ಗೊತ್ತಾಗಕಿಲ್ಲ. ಬುಟ್ಬುಡಿ."