ಸಾಕ್ಷಿ ಹೇಳಿದ ಮೇಲೆ ಗುಳಿಗೆ ನುಂಗಬಾರದೇ?

ಹೋದ ರವಿವಾರ ನಾನು ಪ್ರಾರ್ಥನಾ ಮಂದಿರದಲ್ಲಿ ಕೂಗಾಡಿದೆ. ಆರಾಧನೆ ನಡೆದಿರುವಾಗಲೇ, ಪಾಸ್ಟರ್ ಎದುರಿಗೇ, ಸಭೆಯ ಹಿರಿಯರ ಮುಖಕ್ಕೇ! "ಬಾಯಿ ಮುಚ್ರಿ ಎಲ್ಲಾರೂ!" ಅಂದುಬಿಟ್ಟೆ. ಸಿಂದಗಿಯ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಗಣಿತ ಕಲಿಸುವವಳು ನಾನು. ಕೊನೆಯ ಬೆಂಚಿಗೆ ಮುಟ್ಟುವ ಗಂಟಲು. ಮೈಕು ಬೇಕಾಗಲಿಲ್ಲ.

ನನ್ನನ್ನು ಬಲ್ಲ ಓದುಗರು ನಗುತ್ತಿರಬಹುದು. (ಈ ಅಂಕಣದಲ್ಲೂ ನಾನೇನು ಮೆಲ್ಲಗೆ ಮಾತಾಡಿದವಳಲ್ಲ.) ಆದರೆ ಹುಟ್ಟಾ ಕ್ರೈಸ್ತಳಾದ ನಾನು ಆರಾಧನೆಯಲ್ಲಿ ಹಾಡುವಾಗ ಬಿಟ್ಟರೆ ದನಿ ಎತ್ತಿದ್ದು ಇದೇ ಮೊದಲು. ಪಶ್ಚಾತ್ತಾಪ ಆಗಿದೆಯೇ? ಇಲ್ಲ. ಬರೆಯುತ್ತಾ ಕೂತರೆ ಸಿಟ್ಟು ಇನ್ನೂ ಏರುತ್ತಿದೆ.

ಬಸವನ ಬಾಗೇವಾಡಿಯಲ್ಲಿ ನನ್ನ ಕಾಕಾನ ಮಗಳು ಸುಶೀಲಾ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ಟೇಲರಿಂಗ್ ಮಾಡಿ ಮನೆ ನಡೆಸುತ್ತಾಳೆ. ಒಬ್ಬಳೇ ಮಗಳು ಸ್ನೇಹಾ, ಸೆಕೆಂಡ್ ಪಿಯುಸಿ. ಹೊಲಿಯಲು ಕೊಟ್ಟ ಬ್ಲೌಸು ತರೋಣ, ಹಾಗೇ ಅವರ ಸಭೆಯಲ್ಲಿ ಕೂತು ಬರೋಣ ಎಂದು ಬೆಳಿಗ್ಗೆ ಬಸ್ಸು ಹತ್ತಿದ್ದೆ.

ಸ್ನೇಹಾಗೆ ಸಣ್ಣವಳಿದ್ದಾಗಿನಿಂದ ಮೂರ್ಛೆರೋಗ. ಎಲ್ಲರೂ ಫಿಟ್ಸ್ ಅನ್ನುತ್ತಾರಲ್ಲ, ಅದು. ದಿನಾ ಗುಳಿಗೆ ನುಂಗಿದರೆ ಅವಳು ಎಲ್ಲ ಹುಡುಗಿಯರ ಹಾಗೆಯೇ. ಕಾಲೇಜಿಗೆ ಹೋಗುತ್ತಾಳೆ, ಥ್ರೋಬಾಲ್ ಆಡುತ್ತಾಳೆ, ಅವ್ವನ ಜೊತೆ ಜಗಳ ತೆಗೆಯುತ್ತಾಳೆ. ವರ್ಷಗಟ್ಟಲೆ ಒಮ್ಮೆಯೂ ಬಿದ್ದಿರಲಿಲ್ಲ.

ಆರಾಧನೆಯ ನಡುವೆ ಪಾಸ್ಟರ್, "ಈಗ ಸಹೋದರಿ ಸ್ನೇಹಾ ಸಾಕ್ಷಿ ಹೇಳ್ತಾರ್ರಿ" ಎಂದರು.

ಇದು ನಮ್ಮಲ್ಲೊಂದು ಪದ್ಧತಿ. ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯೆದುರು ನಿಂತು ಹೇಳುವುದಕ್ಕೆ ಸಾಕ್ಷಿ ಎನ್ನುತ್ತೇವೆ. ಪರೀಕ್ಷೆ ಪಾಸಾದದ್ದು, ನೌಕರಿ ಸಿಕ್ಕಿದ್ದು, ಜ್ವರ ಬಿಟ್ಟದ್ದು, ಕುಡಿತ ಬಿಟ್ಟದ್ದು. ಕೇಳುವವರಿಗೂ ಧೈರ್ಯ ಬರುತ್ತದೆ. ಒಳ್ಳೆಯ ಪದ್ಧತಿಯೇ. ಸ್ನೇಹಾ ಯಾವುದರ ಬಗ್ಗೆ ಹೇಳುತ್ತಾಳೋ ಎಂದು ನಾನೂ ಖುಷಿಯಿಂದ ನೋಡುತ್ತಿದ್ದೆ.

"ನನಗ ಸಣ್ಣಾಕಿ ಇದ್ದಾಗಿಂದ ಬ್ಯಾನಿ ಇತ್ತರಿ," ಎಂದಳು. "ಗುಡಾರದ ಕೂಟದಾಗ ಪ್ರಾರ್ಥನಾ ಮಾಡಿದ್ರು. ಈಗ ಪೂರಾ ಬಿಡುಗಡಿ ಆಗೇತ್ರಿ. ಗುಳಿಗಿ ಸೈತ ಬಿಟ್ಟೇನ್ರಿ..."

ಗುಳಿಗೆ ಬಿಟ್ಟಿದ್ದಾಳೆಯೇ? ನಾನು ಸುಶೀಲಾಳ ಕಡೆ ತಿರುಗಿದೆ. ಅವಳು ನನ್ನನ್ನು ನೋಡಲಿಲ್ಲ. ಅಷ್ಟರಲ್ಲಿ ಹುಡುಗಿಯ ಮಾತು ನಿಂತಿತು. ಕಣ್ಣು ಮೇಲಾದವು, ಕೈ ಸೆಟೆದವು. ಮೈಕಿನ ಸ್ಟ್ಯಾಂಡ್ ಸಮೇತ ನೆಲಕ್ಕೆ ಬಿದ್ದಳು. ಗದ್ದ ಒಡೆದು ರಕ್ತ ಸುರಿಯಿತು.

ಜನ ಓಡಿ ಬಂದರು. ಎತ್ತಲಿಕ್ಕಲ್ಲ, ಗದರಲಿಕ್ಕೆ! ತಲೆಯ ಮೇಲೆ ಕೈಯಿಟ್ಟು, "ಬಿಟ್ಟು ಹೋಗು, ಬಿಟ್ಟು ಹೋಗು" ಎಂದು ಯಾವುದೋ ದೆವ್ವಕ್ಕೆ ಹೇಳುತ್ತಿದ್ದರು. ಒಬ್ಬರು ಅವಳ ಮುಷ್ಟಿಯೊಳಗೆ ಕೀಲಿಕೈ ತುರುಕುತ್ತಿದ್ದರು. ಅಷ್ಟು ತಲೆಗಳ ನಡುವೆ ಹುಡುಗಿಗೆ ಗಾಳಿಯೂ ಆಡುತ್ತಿರಲಿಲ್ಲ. ಆಗ ಹಿರಿಯರೊಬ್ಬರು ಸುಶೀಲಾಳ ಕಡೆ ತಿರುಗಿದರು. ಮಗಳು ಇನ್ನೂ ನೆಲದ ಮೇಲೆ ಒದ್ದಾಡುತ್ತಿದ್ದಾಳೆ, ಇವರು ಅವ್ವನಿಗೆ ಹೇಳುತ್ತಾರೆ:

"ವಿಶ್ವಾಸ ಕಡಿಮಿ ಆಗೇತಿ ತಂಗಿ. ಮನ್ಯಾಗ ಏನರ ಗುಪ್ತ ಪಾಪ ಇದ್ರ ಒಪ್ಪಿಕೊಂಡು ಬಿಡವಾ."

ನಾನು ಕೂಗಿದ್ದು ಆಗ.

ಎಲ್ಲರನ್ನೂ ದೂರ ಸರಿಸಿ ಅವಳನ್ನು ಮಗ್ಗುಲಾಗಿ ಮಲಗಿಸಿದೆ. ತಲೆಯ ಕೆಳಗೆ ನನ್ನ ಸೆರಗು ಮಡಚಿ ಇಟ್ಟೆ. "ಅಕ್ಕಾರ, ಸಭಾದಾಗ ಹಿಂಗ ಒದರಬಾರದ್ರಿ," ಎಂದರು ಹಿರಿಯರು. ದೆವ್ವದ ಮೇಲೆ ಅಷ್ಟು ಹೊತ್ತು ಒದರಿದವರು ಇವರೇ! ದೆವ್ವಕ್ಕೆ ಒದರಬಹುದು, ದೊಡ್ಡವರಿಗೆ ಒದರಬಾರದು. ಎಂಥ ನ್ಯಾಯ?

ಆಸ್ಪತ್ರೆಯಲ್ಲಿ ಗದ್ದಕ್ಕೆ ಹೊಲಿಗೆ ಬಿತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಗುಳಿಗಿ ಯಾಕ ಬಿಡಿಸಿದ್ರಿ?" ಉತ್ತರಕ್ಕೂ ಅವರು ಕಾಯಲಿಲ್ಲ. "ಒಮ್ಮೆಲೇ ಬಿಟ್ರ ಜೀವಕ್ಕ ಅಪಾಯ ಐತ್ರಿ. ಇವತ್ತ ಗದ್ದ ಒಡದೈತಿ. ನಾಳಿ ಒಲಿ ಮುಂದ ಬಿದ್ರ? ರಸ್ತಾದಾಗ ಬಿದ್ರ?" ಎಂದು ಅವರೂ ಗದರಿದರು. ಆ ಬೈಗುಳ ಮಾತ್ರ ನನಗೆ ಹಿತವಾಗಿತ್ತು.

ಹೊರಗೆ ಬೆಂಚಿನ ಮೇಲೆ ಕೂತು ಸುಶೀಲಾ ಬಾಯಿ ಬಿಟ್ಟಳು. ಈ ವರ್ಷ ಊರ ಹೊರಗೆ ಗುಡಾರ ಹಾಕಿ ದೊಡ್ಡ ಕೂಟ ಮಾಡಿದ್ದರಂತೆ. ಎಲ್ಲಿಂದಲೋ ಒಬ್ಬ ಬೋಧಕ ಬಂದಿದ್ದನಂತೆ. ವೇದಿಕೆಯ ಮುಂದೆ ಒಂದು ಬುಟ್ಟಿ. ಪ್ರಾರ್ಥನೆ ಮಾಡಿಸಿಕೊಂಡವರು ತಮ್ಮ ಗುಳಿಗೆ, ಊರುಗೋಲು, ಸೊಂಟದ ಪಟ್ಟಿ ಅದರಲ್ಲಿ ಹಾಕಬೇಕು. ಅದೇ ವಿಶ್ವಾಸದ ಗುರುತು. ಸುಶೀಲಾ ಮಗಳ ಗುಳಿಗೆಯ ಪಾಕೀಟು ಹಾಕಿದಳು. ಜನ ಚಪ್ಪಾಳೆ ತಟ್ಟಿದರು. ಮೈಕು ಕೈಗೆ ಬಂತು, ಗುಣವಾಯಿತೆಂದು ಸಾಕ್ಷಿ ಹೇಳಿದಳು.

(ಅದರ ವಿಡಿಯೋ ಆಮೇಲೆ ಅವಳ ಫೋನಿನಲ್ಲಿ ನೋಡಿದೆ. ಬೋಧಕ ದಪ್ಪ ಗಾಜಿನ ಕನ್ನಡಕ ಹಾಕಿದ್ದ. ಅದನ್ನು ಬುಟ್ಟಿಗೆ ಹಾಕಪ್ಪಾ ಎಂದು ಒಬ್ಬರೂ ಕೇಳಿಲ್ಲ.)

ಕೆಲವೇ ವಾರಗಳಲ್ಲಿ ಸ್ನೇಹಾ ಮನೆಯಲ್ಲಿ ಬಿದ್ದಳು. ಮತ್ತೊಮ್ಮೆ ಬಿದ್ದಳು. ಸುಶೀಲಾ ಬಾಗಿಲು ಹಾಕಿಕೊಂಡು ಅತ್ತಳೇ ಹೊರತು ಯಾರಿಗೂ ಹೇಳಲಿಲ್ಲ. ಗುಳಿಗೆಯನ್ನೂ ತರಲಿಲ್ಲ.

"ಯಾಕವಾ?" ಎಂದೆ.

"ಸಾಕ್ಷಿ ಹೇಳೇನೆಲ್ಲಾ ಅಕ್ಕಾ. ಎಲ್ಲಾರ ಮುಂದ ದೇವರು ಗುಣಾ ಮಾಡ್ಯಾನ ಅಂದೇನಿ. ಮತ್ತ ಗುಳಿಗಿ ಕೊಟ್ರ ದೇವರನ್ನ ಸುಳ್ಳ ಮಾಡಿದಂಗ ಆಗ್ತೈತಿ."

ಓದಿದಿರಲ್ಲ? ಇವಳು ದಡ್ಡಿಯಲ್ಲ. ಮಗಳ ಮೇಲೆ ಪ್ರೀತಿ ಇಲ್ಲದವಳಂತೂ ಅಲ್ಲವೇ ಅಲ್ಲ. ದೇವರ ಮರ್ಯಾದೆ ಉಳಿಸಲು ಹೋಗಿ ಮಗಳ ಜೀವವನ್ನು ಒತ್ತೆ ಇಟ್ಟವಳು. ಹುಡುಗಿ ಮಾತ್ರ ಬಿದ್ದು, ಎದ್ದು, ಮುಖ ತೊಳೆದುಕೊಂಡು ಮತ್ತೆ ರವಿವಾರ ಮೈಕಿನ ಮುಂದೆ ನಿಲ್ಲುತ್ತಿದ್ದಳು. ಪಾಪ, ಅವ್ವನ ಮಾತು ಉಳಿಯಲಿ ಎಂದು.

ಇಂಥ ದೇವರು ಯಾರು ಸ್ವಾಮಿ? ಒಂದು ಗುಳಿಗೆಗೆ ಮಾನ ಹೋಗುವಷ್ಟು ಬಡವನೇ ಅವನು? ಆ ಗುಳಿಗೆ ಕಂಡುಹಿಡಿಯುವ ಬುದ್ಧಿ ಕೊಟ್ಟವನೂ ಅವನೇ ಎಂದು ಯಾಕೆ ಯಾವ ವೇದಿಕೆಯಿಂದಲೂ ಕೇಳಿಬರುವುದಿಲ್ಲ? ಗುಳಿಗೆ ಮುಟ್ಟಿದರೆಂದು ಕೋಪಿಸಿಕೊಳ್ಳುವ ದೇವರನ್ನು ನಾನು ಪೂಜಿಸಲಾರೆ. ನಮ್ಮ ಅವ್ವ ಕಲಿಸಿದ ದೇವರು ಅವನಲ್ಲ.

ನಾನೂ ಪ್ರಾರ್ಥನೆ ಮಾಡುವವಳೇ. ನಮ್ಮ ಅವ್ವನಿಗೆ ಕ್ಯಾನ್ಸರ್ ಆದಾಗ ಮೊಳಕಾಲು ನೋಯುವಷ್ಟು ಮಾಡಿದ್ದೇನೆ. ಅವ್ವ ಉಳಿಯಲಿಲ್ಲ. ಯಾಕೆ ಉಳಿಯಲಿಲ್ಲ? ನನಗೆ ಗೊತ್ತಿಲ್ಲ. ನನಗೆ ಸಂಕಟ ಕೊಟ್ಟದ್ದು ಆ ಗೊತ್ತಿಲ್ಲದಿರುವುದಲ್ಲ. ಕಾರಣ ಗೊತ್ತಿದ್ದವರು ಮನೆಗೆ ಬರತೊಡಗಿದರಲ್ಲ, ಅದು! ದೇವರ ಚಿತ್ತ ಅಂದರು, ಪರೀಕ್ಷೆ ಅಂದರು, ಶಿಕ್ಷೆ ಅಂದರು. ಚಹಾ ಕುಡಿದು ಹೋದರು.

ಇದು ನಮ್ಮ ಸಭೆಗಳ ರೋಗ ಮಾತ್ರವಲ್ಲ ಬಿಡಿ. ಇಂಡಿ ಊರಿನ ನನ್ನ ಸಹೋದ್ಯೋಗಿಯೊಬ್ಬಳ ಕೂಸು ಹುಟ್ಟುತ್ತಲೇ ತೀರಿಕೊಂಡಾಗ ಮಾತಾಡಿಸಲು ಬಂದವರು ಹೋದ ಜನ್ಮದ ಲೆಕ್ಕ ತೆಗೆದು ಕೂತಿದ್ದರು. ಬಾಣಂತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನೊಂದವರ ಮನೆಗೆ ಹೋದಾಗ ನಮಗೆ ಯಾಕೆ ಸುಮ್ಮನೆ ಕೂರಲು ಆಗುವುದಿಲ್ಲ? ಕಾರಣ ಹೇಳದೇ ಎದ್ದು ಬಂದರೆ ನಮ್ಮ ಗಂಟೇನು ಹೋಗುತ್ತದೆ?

ಆದರೆ ಕ್ರೈಸ್ತರಾದ ನಮಗೆ ಕ್ಷಮೆಯಿಲ್ಲ. ಹುಟ್ಟುಕುರುಡನನ್ನು ತೋರಿಸಿ ಇದು ಯಾರ ಪಾಪ ಎಂದು ಶಿಷ್ಯರು ಕೇಳಿದಾಗ, ಯಾರದೂ ಅಲ್ಲ ಎಂದವನು ಯೇಸು. ಗೆಳೆಯನ ಸಮಾಧಿಯ ಹತ್ತಿರ ಕಣ್ಣೀರು ಹಾಕಿದವನು. ಸಂಡೇ ಸ್ಕೂಲಿನಲ್ಲಿ ಇದನ್ನೇ ಅಲ್ಲವೇ ನಾವೆಲ್ಲ ಕಲಿತದ್ದು? ದೊಡ್ಡವರಾಗಿ ಹಿರಿಯರ ಕುರ್ಚಿಯಲ್ಲಿ ಕೂತ ಕೂಡಲೇ ಮರೆತೇಹೋಗುತ್ತದೆಯೇ?

ಪಾಸ್ಟರ್ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಆಟೋ ತಂದವರು ಅವರೇ. ಆಸ್ಪತ್ರೆಯಲ್ಲಿ ಸಂಜೆಯವರೆಗೂ ಕೂತಿದ್ದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದರು. "ತಪ್ಪಾತ್ರಿ ಅಕ್ಕಾರ. ಗುಳಿಗಿ ಚಾಲೂ ಮಾಡ್ಸ್ರಿ," ಎಂದರು.

ನನಗೆ ಸ್ವಲ್ಪ ಸಮಾಧಾನವಾಯಿತು. "ಹಂಗಂದ್ರ ಮುಂದಿನ ರವಿವಾರ ಸ್ನೇಹಾ ಇದನ್ನೂ ಸಾಕ್ಷಿ ಹೇಳ್ಲಿ ತಗೋರಿ. ಬ್ಯಾನಿ ಐತಿ, ಗುಳಿಗಿ ತಗೊಳಾಕತ್ತೇನಿ, ದೇವರು ನನ್ನ ಕೈ ಬಿಟ್ಟಿಲ್ಲ ಅಂತ," ಎಂದೆ.

ಅವರು ನೆಲ ನೋಡಿದರು. "ಅದೊಂದು ಬ್ಯಾಡ್ರಿ. ಜನರ ವಿಶ್ವಾಸ ಅಳ್ಳಾಡ್ತೈತಿ. ಗುಣಾ ಆದವ್ರು ಅಷ್ಟ ಹೇಳ್ಲಿ."

ಮರುದಿನ ಬೆಳಿಗ್ಗೆ ನಾನಿನ್ನೂ ಅವರ ಮನೆಯಲ್ಲೇ ಇದ್ದೆ. ಆಸ್ಪತ್ರೆಯಿಂದ ತಂದ ಗುಳಿಗೆಯನ್ನು ಸುಶೀಲಾ ತೆಗೆದಳು. ಕೊಡುವ ಮೊದಲು ಹೋಗಿ ಬೀದಿಬಾಗಿಲು ಹಾಕಿ ಬಂದಳು, ಕಿಟಕಿಯನ್ನೂ ಹಾಕಿದಳು. ಸಭೆಯವರು ಯಾರಾದರೂ ಕಂಡಾರು ಎಂದು! ಕುಡುಕರೂ ಇಷ್ಟು ಕದ್ದು ಕುಡಿಯುವುದಿಲ್ಲ. ಆ ಕತ್ತಲಲ್ಲಿ ಹುಡುಗಿ ಗುಳಿಗೆ ನುಂಗಿ ನೀರು ಕುಡಿದಳು. ಗದ್ದದ ಪಟ್ಟಿಯನ್ನು ಮುಟ್ಟಿಕೊಳ್ಳುತ್ತಾ ನನ್ನನ್ನು ಕೇಳಿದಳು.

"ದೊಡ್ಡವ್ವಾ, ಖರೇ ಹೇಳು. ನನಗ ವಿಶ್ವಾಸ ಕಡಿಮಿ ಐತೇನು?"

ಎದ್ದು ಬಾಗಿಲು ತೆರೆದೆ, ಕಿಟಕಿ ತೆರೆದೆ. ಅವಳನ್ನು ಅಪ್ಪಿಕೊಂಡು, "ಇಲ್ಲವಾ, ಒಟ್ಟ ಇಲ್ಲ" ಎಂದೆ. ಅವಳು ನಂಬಲಿಲ್ಲ. ಒಬ್ಬ ದೊಡ್ಡವ್ವನ ಮಾತು ಎಲ್ಲಿ, ಇಡೀ ಸಭೆಯ ಮಾತು ಎಲ್ಲಿ? ಆದ್ದರಿಂದ ಆ ಪ್ರಶ್ನೆಯನ್ನು ಅವಳಿಂದ ಕಿತ್ತುಕೊಂಡು, ಅದನ್ನು ಅವಳ ತಲೆಗೆ ಹಾಕಿದ ಹಿರಿಯರಿಗೇ ಇಲ್ಲಿಂದ ಕೇಳುತ್ತೇನೆ.

ದೇವರೇ, ನನ್ನನ್ನೇಕೆ ಕೈಬಿಟ್ಟೆ ಎಂದು ಶಿಲುಬೆಯ ಮೇಲಿಂದ ಕೂಗಿದನಲ್ಲ, ಅವನಿಗೂ ವಿಶ್ವಾಸ ಕಡಿಮೆ ಇತ್ತೇನ್ರಿ?