ವಾಯಿದೆಯ ದಿನದ ಅಕ್ಕ-ತಂಗಿ

1983ರಲ್ಲಿ ನಾನು ಅರಸೀಕೆರೆಯಲ್ಲಿ ಮುನ್ಸಿಫ್ ಆಗಿದ್ದೆ. ಅದೇ ನನ್ನ ಮೊದಲ ನೇಮಕ. ನ್ಯಾಯಾಧೀಶರು ಊರಿನವರೊಡನೆ ಬಳಕೆ ಇಟ್ಟುಕೊಳ್ಳುವಂತಿಲ್ಲ. ಮದುವೆಗೆ ಕರೆದರೆ ಹೋಗುವಂತಿಲ್ಲ, ನೆರೆಯವರು ಕೊಟ್ಟ ಎಳನೀರನ್ನೂ ವಾಪಸು ಕಳಿಸಬೇಕು. ಶನಿವಾರ ಸಂಜೆ ಕ್ವಾರ್ಟರ್ಸ್ ಬಾಗಿಲು ಹಾಕಿಕೊಂಡರೆ ನನ್ನ ದನಿ ನನಗೇ ಮತ್ತೆ ಕೇಳಿಸುತ್ತಿದ್ದುದು ಸೋಮವಾರ ಕೋರ್ಟಿನಲ್ಲಿ.

ಆ ವರ್ಷ ಹಳೆಯ ದಾವೆಗಳನ್ನು ಮೊದಲು ಮುಗಿಸಬೇಕೆಂದು ಮೇಲಿನಿಂದ ಸೂಚನೆ ಬಂತು. ಸರಿಯಾದ ಕಾರಣವಿಲ್ಲದೆ ವಾಯಿದೆ, ಅಂದರೆ ವಿಚಾರಣೆಗೆ ಮುಂದಿನ ದಿನ, ಕೊಡಕೂಡದು. ನಾನು ಅದನ್ನು ಮನಸಾರೆ ಒಪ್ಪಿದ್ದೆ.

ಎಲ್ಲಕ್ಕಿಂತ ಹಳೆಯದು ಹಾರನಹಳ್ಳಿಯ ಒಂದು ತೆಂಗಿನ ತೋಟವನ್ನು ಭಾಗ ಮಾಡಿಕೊಡಬೇಕೆಂಬ ದಾವೆ. ತಾಯಿ ತೀರಿಕೊಂಡ ಮೇಲೆ ತೋಟ ಇಬ್ಬರು ಹೆಣ್ಣುಮಕ್ಕಳಿಗೆ ಬಂದಿತ್ತು. ಅಕ್ಕ ಗೌರಮ್ಮನನ್ನು ಕಣಕಟ್ಟೆಗೆ, ತಂಗಿ ಪುಟ್ಟಮ್ಮನನ್ನು ಗಂಡಸಿ ಎಂಬ ಊರಿಗೆ ಕೊಟ್ಟಿದ್ದರು. ಅಕ್ಕ ವಾದಿ, ತಂಗಿ ಪ್ರತಿವಾದಿ. ಸಾಕ್ಷ್ಯದ ಹಂತಕ್ಕೆ ಬಂದಾಗಲೆಲ್ಲ ವಕೀಲರು ವಾಯಿದೆ ಕೇಳುತ್ತಿದ್ದರು: ಒಮ್ಮೆ ಅಕ್ಕನಿಗೆ ಜ್ವರ, ಒಮ್ಮೆ ತಂಗಿಗೆ. ಜ್ವರ ಬಂದವರೂ ಹೊರಗೆ ಕುಳಿತೇ ಇರುತ್ತಿದ್ದರು.

ವಕೀಲರ ಆಟವೆಂದು ತಿಳಿದು, "ಇನ್ನು ವಾಯಿದೆ ಇಲ್ಲ. ಊಟದ ವಿರಾಮದ ನಂತರ ಸಾಕ್ಷ್ಯ" ಎಂದೆ.

ವಿರಾಮದಲ್ಲಿ ಚೇಂಬರಿನ ಕಿಟಕಿಯಿಂದ ನೋಡಿದರೆ ವಾದಿ ಪ್ರತಿವಾದಿಯ ತಲೆ ಬಾಚುತ್ತಿದ್ದರು.

"ನೆಟ್ಟಗೆ ಕೂತ್ಕಳೇ. ನಿನ್ ಸೊಸೆ ಬಾಚಾಕಿಲ್ವಾ?"

"ಅವ್ಳು ಬಾಚಿದ್ರೆ ತಲೇಲಿ ಕೂದ್ಲೇ ಉಳಿಯಾಕಿಲ್ಲ ಕಣಕ್ಕ."

ಸಾಕ್ಷಿಕಟ್ಟೆಗೆ ಬಂದ ಗೌರಮ್ಮನನ್ನು ನಾನೇ ಕೇಳಿದೆ, "ತಂಗಿಯ ಮನೆಗೆ ಹೋಗಿ ಬರುತ್ತೀರಾ?"

"ಎಲ್ಲಿ ಬಂತು ಅಮ್ಮಾವ್ರೆ! ಒಬ್ಬರ ಮನೇಲಿ ಒಬ್ಬರು ನೀರು ಮುಟ್ಬಾರ್ದು ಅಂತ ಗಂಡಸ್ರು ಆಣೆ ಇಟ್ಟವ್ರೆ. ಕೋರ್ಟಿಗೆ ಮಾತ್ರ ಬ್ಯಾಡ ಅನ್ನಂಗಿಲ್ಲ. ನೀವು ತೀರ್ಪು ಕೊಟ್ಬುಟ್ರೆ ನಾನು ಇವ್ಳನ್ನ ಎಲ್ಲಿ ನೋಡ್ಲಿ?"

ತೋಟ ಭಾಗವಾಗಬೇಕೆ ಎಂದು ಇಬ್ಬರನ್ನೂ ಕೇಳಿದೆ. ಇಬ್ಬರೂ ಬೇಡವೆಂದರು; ದಾವೆ ಹಾಕಿಸಿದ್ದು ಗಂಡಂದಿರಂತೆ. ಹಿಂದಿನ ಬೆಂಚಿನಿಂದ ಗೌರಮ್ಮನ ಗಂಡ ಎದ್ದರು.

"ಸ್ವಾಮಿ, ಹೆಂಗಸ್ರ ಮಾತ್ ಕಟ್ಕೊಂಡು ಎಲ್ಲಾರ ತೀರ್ಪು..." ಎಂದವರು ಪೀಠದತ್ತ ನೋಡಿ ನಾಲಿಗೆ ಕಚ್ಚಿಕೊಂಡರು. "ನಿಮ್ಗಲ್ಲ ತಾಯಿ, ಇವ್ರಿಗೆ ಅಂದಿದ್ದು."

"ಕೂತ್ಕಳಿ ಭಾವ, ತೋಟ ನಮ್ಮವ್ವಂದು" ಎಂದರು ಪುಟ್ಟಮ್ಮ. ಎಲ್ಲರೂ ನಕ್ಕರು. ಪೀಠದಲ್ಲಿದ್ದವಳು ನಗುವಂತಿರಲಿಲ್ಲ.

ಗಂಡಂದಿರು ದಾವೆಯ ಪಕ್ಷಗಾರರಲ್ಲ. ಅಕ್ಕತಂಗಿಯರ ನಡುವೆ ಆದ ರಾಜಿಯನ್ನು ಅಂದೇ ದಾಖಲಿಸಿದೆ: ತೋಟ ಒಟ್ಟಿಗೇ ಇರತಕ್ಕದ್ದು, ಫಲ ಸಮಪಾಲು, ಇಬ್ಬರೂ ಖುದ್ದಾಗಿ ಹಾಜರಿದ್ದಾಗ ಮಾತ್ರ ಕಾಯಿ ಕೀಳತಕ್ಕದ್ದು.

"ಮೇಡಂ, ಇಂಥ ಷರತ್ತು ನಾನೆಲ್ಲೂ ಕಂಡಿಲ್ಲ" ಎಂದರು ವಕೀಲರೊಬ್ಬರು.

"ಕಾನೂನು ಇದನ್ನು ಬೇಡವೆಂದಿಲ್ಲವಲ್ಲ" ಎಂದೆ.

ಹೆಬ್ಬೆಟ್ಟು ಒತ್ತಿ ಹೊರಡುವಾಗ ಗೌರಮ್ಮ ನಿಂತರು. "ಕಾಯಿ ಕೀಳ್ಸೋ ದಿನ ನೀವೂ ಬನ್ನಿ ಅಮ್ಮಾವ್ರೆ. ಒಬ್ರೇ ಇರ್ತೀರಂತೆ."

"ನಾನು ಬರುವ ಹಾಗಿಲ್ಲ."

"ನಿಮ್ಗೂ ಯಾರಾನಾ ಆಣೆ ಇಟ್ಟವ್ರಾ?"

ನಾನು ಮುಂದಿನ ದಾವೆ ಕೂಗಿಸಿದೆ.

ಹಳೆಯ ದಾವೆಗಳು ಬೇಗ ಮುಗಿಯಬೇಕೆಂಬ ನನ್ನ ನಂಬಿಕೆ ಬದಲಾಗಿಲ್ಲ. ಆದರೆ ಅಂದಿನಿಂದ, ಒಂದು ದಾವೆ ಬಹುಕಾಲ ಉಳಿದಿದ್ದರೆ, ಅದನ್ನು ಎಳೆಯುತ್ತಿರುವವರನ್ನು ಗದರುವ ಮೊದಲು ಅದು ಯಾರಿಗೆ, ಯಾತಕ್ಕೆ ಬೇಕಾಗಿದೆಯೆಂದು ಕೇಳುತ್ತೇನೆ. ಅದು ತಿಳಿದ ಮೇಲೆ ತೀರ್ಪು ತಡವಾಗುವುದಿಲ್ಲ.